ಹಳೆ ಡೀಸೆಲ್ ಕಾರಿನ ಮೈಲೇಜ್ 20ರಿಂದ 15ಕ್ಕೆ ಇಳಿದಿದೆ, ಎಲ್ಲಿಂದ ಶುರು ಮಾಡಲಿ?

ಮಣ್ಣದಾರಿ
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 14 ವರ್ಷದ ಡೀಸೆಲ್ ಕಾರಿದೆ. 1.5 ಲೀಟರ್ ಎಂಜಿನ್, ಕಾಮನ್ ರೈಲ್ (ಹೆಚ್ಚಿನ ಒತ್ತಡದ ಒಂದೇ ಕೊಳವೆಯಿಂದ ಎಲ್ಲಾ ಸಿಲಿಂಡರ್‌ಗೂ ಡೀಸೆಲ್), ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವುದು) ಇದೆ, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇಲ್ಲ. ಓಡಿರುವುದು 1 ಲಕ್ಷ 86 ಸಾವಿರ ಕಿ.ಮೀ. ಮೊದಲು ಲೀಟರಿಗೆ 20 ಕೊಡುತ್ತಿತ್ತು. ಒಂದೂವರೆ ವರ್ಷದಿಂದ ಇಳಿಯುತ್ತಾ ಬಂದು ಈಗ 15ರ ಹತ್ತಿರ ನಿಂತಿದೆ.

ಸ್ಟಾರ್ಟಿಂಗ್ ತೊಂದರೆ ಇಲ್ಲ, ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಹೊಗೆ ಕಣ್ಣಿಗೆ ಬೀಳುವಷ್ಟಿಲ್ಲ. ಪಿಕಪ್ ಮಾತ್ರ ಸ್ವಲ್ಪ ಭಾರ ಅನ್ನಿಸುತ್ತದೆ. ಗ್ಯಾರೇಜಿನಲ್ಲಿ ತೋರಿಸಿದರೆ "ಗಾಡಿಗೆ ವಯಸ್ಸಾಯಿತು, ನಾಲ್ಕೂ ಇಂಜೆಕ್ಟರ್ ಬದಲಾಯಿಸಿ" ಅಂದರು. ಇಂಜೆಕ್ಟರ್ ಅಂದರೆ ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ನಳಿಕೆ, ದೊಡ್ಡ ಖರ್ಚು. ಮಾರುವ ಮನಸ್ಸಂತೂ ಇಲ್ಲ. ಇಬ್ಬರು ಮಕ್ಕಳೂ ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಬಂದಿದ್ದು ಇದರಲ್ಲೇ. ಇಂಜೆಕ್ಟರ್‌ಗೆ ದುಡ್ಡು ಹಾಕುವ ಮೊದಲು ಏನೇನು ನೋಡಬೇಕು, ದಯವಿಟ್ಟು ತಿಳಿಸಿ.

ಐದನೇಗೇರ್
ಇಂಜೆಕ್ಟರೇ. 1 ಲಕ್ಷ 80 ಸಾವಿರ ದಾಟಿದ ಮೇಲೆ ಇನ್ನೇನಿರುತ್ತದೆ?

ಎಣ್ಣೆಕೈ
ಹಾಗೆ ಒಂದೇ ಮಾತಿನಲ್ಲಿ ತೀರ್ಮಾನ ಮಾಡಬೇಡಿ ಸರ್. 22 ವರ್ಷದಿಂದ ಡೀಸೆಲ್ ಕೆಲಸ ಮಾಡುತ್ತಿದ್ದೇನೆ. ಇಂಜೆಕ್ಟರ್ ಹಾಳಾಗಿದ್ದರೆ ಗಾಡಿ ಬಾಯಿಬಿಟ್ಟು ಹೇಳುತ್ತದೆ. ಬೆಳಗ್ಗೆ ಸ್ಟಾರ್ಟಿಂಗ್ ಎಳೆಯುತ್ತದೆ. ಐಡ್ಲಿಂಗ್‌ನಲ್ಲಿ ನಡುಗುತ್ತದೆ, ಟಕಟಕ ಅನ್ನುವ ಸದ್ದು ಹೆಚ್ಚಾಗುತ್ತದೆ, ಬಿಳಿ ಹೊಗೆಯೋ ಕಪ್ಪು ಹೊಗೆಯೋ ಬರುತ್ತದೆ. ಇವರ ಗಾಡಿಯಲ್ಲಿ ಅದ್ಯಾವುದೂ ಇಲ್ಲ.

ಮಣ್ಣದಾರಿ ಅವರೇ, ಒಂದು ಕೇಳುತ್ತೇನೆ. 15 ಅನ್ನುವ ಲೆಕ್ಕ ಹೇಗೆ ಬಂತು? ಡ್ಯಾಶ್‌ಬೋರ್ಡ್ ನೋಡಿಯಾ?

ಮಣ್ಣದಾರಿ
ಹೌದು, ಡಿಸ್‌ಪ್ಲೇ ನೋಡಿ. ಜೊತೆಗೆ ಫ್ಯೂಯಲ್ ಲೈಟ್ ಹತ್ತುವ ಹೊತ್ತಿಗೆ ಎಷ್ಟು ಓಡಿದೆ ಅಂತ ಒಂದು ಅಂದಾಜು.

ನಾಲ್ಕುಸಿಲಿಂಡರ್
ಅದು ಸಾಲದು. ಡಿಸ್‌ಪ್ಲೇ ತೋರಿಸುವುದು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹಾಕಿದ ಅಂದಾಜು. ಇಂಜೆಕ್ಟರ್ ಸವೆದು ಜಾಸ್ತಿ ಡೀಸೆಲ್ ಬಿಡುತ್ತಿದ್ದರೂ ಇಸಿಯುಗೆ ಅದು ಪೂರ್ತಿ ಗೊತ್ತಾಗುವುದಿಲ್ಲ. ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, 400 ಕಿ.ಮೀ. ಆದರೂ ಓಡಿಸಿ. ಮತ್ತೆ ಅದೇ ಬಂಕ್, ಅದೇ ಪಂಪ್, ಪಂಪ್ ತಾನಾಗಿ ನಿಲ್ಲುವ ಮೊದಲ ಕಟ್‌ಆಫ್‌ಗೆ ನಿಲ್ಲಿಸಿ. ಡೀಸೆಲ್‌ನಲ್ಲಿ ನೊರೆ ಬರುತ್ತದೆ. ನೊರೆ ಇಳಿದ ಮೇಲೆ ಇನ್ನಷ್ಟು, ಇನ್ನಷ್ಟು ಅಂತ ಒಂದು ಸಲ ತುಂಬಿಸಿ ಇನ್ನೊಂದು ಸಲ ಬಿಟ್ಟರೆ ಲೆಕ್ಕ ಕೆಡುತ್ತದೆ. ಹೀಗೆ ಮೂರು ಟ್ಯಾಂಕ್ ಬರೆದಿಡಿ. ಒಂದೇ ಟ್ಯಾಂಕಿನ ಲೆಕ್ಕ ನಂಬಬೇಡಿ.

ಸ್ಟೆಪ್ನಿ
ಈ ಒಂದೂವರೆ ವರ್ಷದಲ್ಲಿ ಟೈರ್ ಬದಲಾಯಿಸಿದ್ದೀರಾ? ಅಳತೆ ಅದೇನಾ?

ಮಣ್ಣದಾರಿ
ಬದಲಾಯಿಸಿದೆ. ಮೊದಲು 175/65 ಆರ್14 ಇತ್ತು. ಈಗ 185/70 ಆರ್14. ಹಳ್ಳ ದಿಣ್ಣೆಗೆ ಒಳ್ಳೆಯದು ಅಂತ ಹಾಕಿಸಿದೆ. ಇದಕ್ಕೂ ಮೈಲೇಜ್‌ಗೂ ಸಂಬಂಧ ಇದೆಯಾ?

ಸ್ಟೆಪ್ನಿ
ಇದೆ, ಅದೂ ಎರಡು ಕಡೆಯಿಂದ. ಹಳೇ ಟೈರಿನ ಎತ್ತರ ಸುಮಾರು 583 ಮಿ.ಮೀ., ಹೊಸದರದು ಸುಮಾರು 615. ಅಂದರೆ ಚಕ್ರ ಒಂದು ಸುತ್ತು ತಿರುಗಿದರೆ ಗಾಡಿ ಈಗ 5%ಕ್ಕಿಂತ ಸ್ವಲ್ಪ ಜಾಸ್ತಿ ದೂರ ಹೋಗುತ್ತದೆ. ಓಡೋಮೀಟರ್ ಸುತ್ತನ್ನು ಎಣಿಸುತ್ತದೆಯೇ ಹೊರತು ದೂರವನ್ನಲ್ಲ. ನೀವು 100 ಕಿ.ಮೀ. ಹೋದರೂ ಅದು 95 ಅಂತ ಬರೆದುಕೊಳ್ಳುತ್ತಿದೆ. ಹಾಗಾಗಿ ಕಳೆದುಹೋದ ಮೈಲೇಜ್‌ನಲ್ಲಿ ಒಂದಷ್ಟು ಬರೀ ಲೆಕ್ಕದ ತಪ್ಪು.

ಇನ್ನೊಂದು ಕಡೆ ನಿಜವಾದ ನಷ್ಟವೂ ಇದೆ. ಟೈರ್ ಅಗಲ, ತೂಕ ಎರಡೂ ಹೆಚ್ಚಾಗಿದೆ. ಗೇರ್ ಉದ್ದವಾದ ಹಾಗೆ ಆಗಿದೆ, ಅಂದರೆ ಅದೇ ಸ್ಪೀಡಿಗೆ ಎಂಜಿನ್ ಮೊದಲಿಗಿಂತ ಕಡಿಮೆ ಸುತ್ತುತ್ತದೆ. ಪಿಕಪ್ ಭಾರ ಅನ್ನಿಸುವುದಕ್ಕೆ ಅದೂ ಒಂದು ಕಾರಣ. ಫೋನಿನ ಜಿಪಿಎಸ್ ಇಟ್ಟುಕೊಂಡು 100 ಕಿ.ಮೀ. ಓಡಿಸಿ ತಾಳೆ ನೋಡಿ.

ದೂರಪಯಣ
ಇದು ನನಗೂ ಹೊಳೆದಿರಲಿಲ್ಲ! ನಾನೂ ದೊಡ್ಡ ಟೈರ್ ಹಾಕಿಸಿ ಎರಡು ವರ್ಷ ಸುಮ್ನೆ ತಲೆ ಕೆಡಿಸಿಕೊಂಡಿದ್ದೆ.

ಟರ್ಬೊಸೀಟಿ
ಒಂದು ಬಾಟಲಿ ಡೀಸೆಲ್ ಅಡಿಟಿವ್ ಹಾಕಿ ನೋಡಿ. ನನಗೆ ಲೀಟರಿಗೆ 2 ಕಿ.ಮೀ. ಜಾಸ್ತಿ ಬಂತು. ಎಂಜಿನ್ ಸದ್ದೂ ಮೆತ್ತಗಾಯಿತು.

ನಾಲ್ಕುಸಿಲಿಂಡರ್
ಬಾಟಲಿ ಹಾಕಿದ ದಿನ ಬೇರೆ ಏನಾದರೂ ಮಾಡಿಸಿದ್ದಿರಾ?

ಟರ್ಬೊಸೀಟಿ
ಸರ್ವೀಸ್ ಆಗಿತ್ತು. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಆಯಿಲ್ ಬದಲಾಯಿಸಿದ್ದರು. ಗಾಳಿಯೂ ಹೊಡೆಸಿದ್ದೆ.

ನಾಲ್ಕುಸಿಲಿಂಡರ್
ಹಾಗಾದರೆ ಆ 2 ಕಿ.ಮೀ. ಯಾವುದರದು ಅಂತ ಹೇಗೆ ಹೇಳುವುದು? ಅಡಿಟಿವ್ ಎಲ್ಲಾ ಸುಳ್ಳು ಅಂತ ನಾನು ಹೇಳುವುದಿಲ್ಲ. ಸೀಟೇನ್ ಹೆಚ್ಚಿಸುವುದು ಇದೆ, ಅದರಿಂದ ಡೀಸೆಲ್ ಬೇಗ ಹೊತ್ತಿಕೊಂಡು ಸದ್ದು ಕಡಿಮೆಯಾಗುತ್ತದೆ. ಇಂಜೆಕ್ಟರ್ ನಳಿಕೆಯ ತುದಿಯ ಕಾರ್ಬನ್ ತೊಳೆಯುವುದೂ ಇದೆ. ಆದರೆ ಸವೆದುಹೋದ ಲೋಹವನ್ನು ಯಾವ ಬಾಟಲಿಯೂ ವಾಪಸ್ ತರುವುದಿಲ್ಲ. ಪೈಪಿಗೆ ಕಟ್ಟುವ ಅಯಸ್ಕಾಂತದ ಹತ್ತಿರವಂತೂ ಹೋಗಲೇಬೇಡಿ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇಂಥ ನೂರಕ್ಕೂ ಹೆಚ್ಚು ಉಪಕರಣಗಳನ್ನು ಪರೀಕ್ಷೆ ಮಾಡಿದೆ. ಹೇಳಿಕೊಳ್ಳುವಂಥ ಉಳಿತಾಯ ಬಹುತೇಕ ಯಾವುದರಿಂದಲೂ ಬರಲಿಲ್ಲ.

ಐದನೇಗೇರ್
ನಮ್ಮ ಕಡೆ ಹಿರಿಯ ಡ್ರೈವರ್‌ಗಳು ಸ್ವಲ್ಪ ಸೀಮೆಎಣ್ಣೆ ಬೆರೆಸುತ್ತಿದ್ದರು. ಎಂಜಿನ್ ಹಗುರ ಆಗುತ್ತದೆ ಅಂತ.

ಎಣ್ಣೆಕೈ
ದಯವಿಟ್ಟು ಅದನ್ನು ಯಾರೂ ಮಾಡಬೇಡಿ. ಕೈಮುಗಿದು ಕೇಳುತ್ತೇನೆ. ಕಾಮನ್ ರೈಲ್ ಪಂಪ್‌ಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದಕ್ಕೆ ಜಿಡ್ಡು. ಸೀಮೆಎಣ್ಣೆಗೆ ಆ ಜಿಡ್ಡು ಇಲ್ಲ. ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಒಣಗಿದ ಪಂಪ್ ತಿರುಗಿದರೆ ಲೋಹ ಸವೆದು ಪುಡಿಯಾಗುತ್ತದೆ. ಆ ಪುಡಿ ರೈಲ್, ಇಂಜೆಕ್ಟರ್, ಟ್ಯಾಂಕ್ ಎಲ್ಲಾ ಕಡೆ ಹೋಗುತ್ತದೆ. ಆಮೇಲೆ ಪೂರ್ತಿ ಸಿಸ್ಟಮ್ ಬಿಚ್ಚಬೇಕು. ಹಾಗೆ ಆಗಿದ್ದನ್ನು ನನ್ನ ಕೈಯಾರೆ ಬಿಚ್ಚಿದ್ದೇನೆ. ಗಾಡಿ ತಂದವರ ಮುಖ ಇನ್ನೂ ಕಣ್ಣ ಮುಂದಿದೆ.

ಹೊಸಚಾಲಕಿ
ನನ್ನದೂ ಹಳೇ ಡೀಸೆಲ್ಲೇ. ನಾನು ಹೊಸಬಳು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಉಳಿಯುತ್ತದೆ ಅಂತ ಹೇಳುತ್ತಾರಲ್ಲ, ನಿಜವಾ?

ಐದನೇಗೇರ್
ಉಳಿಯುತ್ತದೆ. ನಾನು ಯಾವಾಗಲೂ ಮಾಡುತ್ತೇನೆ.

ದೂರಪಯಣ
ಇಲ್ಲ! ಗೇರಿನಲ್ಲೇ ಇದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಸಿಯು ಇಂಜೆಕ್ಷನ್ ಪೂರ್ತಿ ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ಆಗ ಖರ್ಚಾಗುವ ಡೀಸೆಲ್ ಸೊನ್ನೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ತಾನೇ ತಿರುಗಬೇಕು. ಐಡ್ಲಿಂಗ್‌ಗೆ ಬೇಕಾದಷ್ಟು ಡೀಸೆಲ್ ಹೋಗುತ್ತಲೇ ಇರುತ್ತದೆ.

ಐದನೇಗೇರ್
ಅದು ಅರ್ಧ ಲೆಕ್ಕ. ಗೇರಿನಲ್ಲಿದ್ದರೆ ಎಂಜಿನ್ ಗಾಡಿಯನ್ನು ಹಿಡಿಯುತ್ತದೆ. ಬೇಗ ನಿಧಾನ ಆಗುತ್ತದೆ, ಮತ್ತೆ ಆಕ್ಸಿಲರೇಟರ್ ಒತ್ತಬೇಕು. ಸಣ್ಣ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಇನ್ನೂ ಎಷ್ಟೋ ದೂರ ಉರುಳುತ್ತದೆ. ಇದನ್ನು ಯಾಕೆ ಯಾರೂ ಹೇಳುವುದಿಲ್ಲ?

ನಾಲ್ಕುಸಿಲಿಂಡರ್
ನಿಮ್ಮ ಮಾತಿನಲ್ಲಿ ಸತ್ಯ ಇದೆ, ಒಪ್ಪುತ್ತೇನೆ. ಸಣ್ಣ ಇಳಿಜಾರಿನಲ್ಲಿ ಬರೀ ಡೀಸೆಲ್ ಲೆಕ್ಕ ನೋಡಿದರೆ ನ್ಯೂಟ್ರಲ್ ಗೆಲ್ಲಬಹುದು. ಆದರೆ ಘಾಟಿಯಂಥ ಕಡಿದಾದ ಇಳಿಜಾರಿನಲ್ಲಿ ಹೇಗೂ ಬ್ರೇಕ್ ಒತ್ತುತ್ತೀರಿ. ಅಲ್ಲಿ ನ್ಯೂಟ್ರಲ್‌ನಿಂದ ಏನೂ ಉಳಿಯುವುದಿಲ್ಲ, ಬದಲಿಗೆ ಬ್ರೇಕ್ ಕಾಯುತ್ತದೆ. ಕಾದ ಬ್ರೇಕ್ ಹಿಡಿಯುವುದಿಲ್ಲ. ಹೊಸಚಾಲಕಿ ಅವರೇ, ನೀವು ಹೊಸಬರು ಅಂದಿರಿ, ಅದಕ್ಕೇ ಖಡಾಖಂಡಿತವಾಗಿ ಹೇಳುತ್ತೇನೆ: ಇಳಿಜಾರಿನಲ್ಲಿ ಗೇರಿನಲ್ಲೇ ಇರಿ.

ಹೊಸಚಾಲಕಿ
ಸರಿ ಸರ್, ಗೇರಿನಲ್ಲೇ ಇರುತ್ತೇನೆ. ಥ್ಯಾಂಕ್ಸ್.

ಮಣ್ಣದಾರಿ
ಟ್ಯಾಂಕ್ ಲೆಕ್ಕ ಬಂತು. 412 ಕಿ.ಮೀ.ಗೆ 27.8 ಲೀಟರ್. ಅಂದರೆ 14.8. ಜಿಪಿಎಸ್‌ನಲ್ಲಿ 100 ಆದಾಗ ಓಡೋಮೀಟರ್‌ನಲ್ಲಿ 95 ಇತ್ತು, ಸ್ಟೆಪ್ನಿ ಅವರು ಹೇಳಿದ ಹಾಗೇ. ಸರಿಪಡಿಸಿದರೆ ಸುಮಾರು 434 ಕಿ.ಮೀ., ಲೀಟರಿಗೆ 15.6. ಏನೂ ಮಾಡದೆ ಮುಕ್ಕಾಲು ಕಿ.ಮೀ. ವಾಪಸ್ ಬಂತು. ಆದರೂ 20 ಎಲ್ಲಿ, 15.6 ಎಲ್ಲಿ.

ಎಣ್ಣೆಕೈ
ಈಗ ಸರಿಯಾದ ಲೆಕ್ಕ ಸಿಕ್ಕಿತು. ಇನ್ನು ಗಾಡಿ ಎಲ್ಲಿ ಹಿಡಿಯುತ್ತಿದೆ ಅಂತ ನೋಡೋಣ. ಬೆಳಗ್ಗೆ ಗಾಡಿ ತಣ್ಣಗಿರುವಾಗ ಗಾಳಿ ಚೆಕ್ ಮಾಡಿ. ಓಡಿಸಿದ ಮೇಲೆ ನೋಡಿದರೆ ಒತ್ತಡ ಏರಿರುತ್ತದೆ, ಕಡಿಮೆ ಇದ್ದರೂ ಸರಿ ಇದೆ ಅನ್ನಿಸುತ್ತದೆ. ಆಮೇಲೆ 15-20 ಕಿ.ಮೀ. ಖಾಲಿ ರಸ್ತೆಯಲ್ಲಿ ಓಡಿಸಿ, ಬ್ರೇಕ್ ಆದಷ್ಟು ಕಡಿಮೆ ಒತ್ತಿ ನಿಲ್ಲಿಸಿ. ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಮುಟ್ಟಬೇಡಿ, ಸುಡಬಹುದು. ಒಂದು ಚಕ್ರ ಮಾತ್ರ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ ಅಂತ ಅರ್ಥ. ಹಳೇ ಗಾಡಿಯಲ್ಲಿ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತುವ ಭಾಗ) ಪಿನ್ ತುಕ್ಕು ಹಿಡಿಯುತ್ತದೆ. ಇಲ್ಲದಿದ್ದರೆ ಹ್ಯಾಂಡ್‌ಬ್ರೇಕ್ ಕೇಬಲ್ ಜಾಮ್ ಆಗಿರುತ್ತದೆ. ಜ್ಯಾಕ್ ಹಾಕಿ ಚಕ್ರ ಕೈಯಲ್ಲಿ ತಿರುಗಿಸಿದರೂ ಗೊತ್ತಾಗುತ್ತದೆ.

ಇನ್ನೊಂದು ಮುಖ್ಯವಾದ ಪ್ರಶ್ನೆ. ಟೆಂಪರೇಚರ್ ಮುಳ್ಳು ಎಲ್ಲಿ ನಿಲ್ಲುತ್ತದೆ?

ಮಣ್ಣದಾರಿ
ಮಧ್ಯಕ್ಕಿಂತ ಸ್ವಲ್ಪ ಕೆಳಗೆ. ಹೈವೇಯಲ್ಲಿ ಇನ್ನೂ ಕೆಳಗೆ ಇಳಿಯುತ್ತದೆ. ಬಿಸಿ ಆಗುತ್ತಿಲ್ಲವಲ್ಲ, ಒಳ್ಳೆಯದೇ ಅಂದುಕೊಂಡಿದ್ದೆ.

ಎಣ್ಣೆಕೈ
ಒಳ್ಳೆಯದಲ್ಲ ಸರ್! ನಿಮ್ಮ ಮೈಲೇಜ್ ಅಲ್ಲೇ ಹೋಗುತ್ತಿದೆ ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ. ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ಜಾಮ್ ಆಗಿರಬೇಕು.

ಬಿಡಿಸಿ ಹೇಳುತ್ತೇನೆ. ಎಂಜಿನ್ ಕಾಯುವವರೆಗೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ರೇಡಿಯೇಟರ್‌ಗೆ ಹೋಗದಂತೆ ಥರ್ಮೋಸ್ಟಾಟ್ ಬಾಗಿಲು ಹಾಕಿಕೊಂಡಿರುತ್ತದೆ. ಸಾಮಾನ್ಯವಾಗಿ 80ರಿಂದ 90 ಡಿಗ್ರಿ ನಡುವೆ ತೆರೆಯುತ್ತದೆ. ಅದು ಮುಚ್ಚದೇ ಹೋದರೆ ಕೂಲಂಟ್ ಸದಾ ರೇಡಿಯೇಟರ್ ಸುತ್ತುತ್ತಲೇ ಇರುತ್ತದೆ. ಹೈವೇಯಲ್ಲಿ ಗಾಳಿ ಜಾಸ್ತಿ ಬಡಿಯುವುದರಿಂದ ಎಂಜಿನ್ ಇನ್ನೂ ತಣ್ಣಗಾಗುತ್ತದೆ. ನಿಮ್ಮ ಮುಳ್ಳು ಕೆಳಗೆ ಇಳಿಯುವುದು ಅದಕ್ಕೇ. ಇಸಿಯು ಮಾತ್ರ ಎಂಜಿನ್ ಇನ್ನೂ ಕಾದಿಲ್ಲ ಅಂದುಕೊಂಡು ತಣ್ಣನೆ ಎಂಜಿನ್ನಿನ ಲೆಕ್ಕದಲ್ಲೇ ಡೀಸೆಲ್ ಕೊಡುತ್ತದೆ. ಆಯಿಲ್ ಗಟ್ಟಿಯಾಗಿಯೇ ಇರುತ್ತದೆ, ಒಳಗಿನ ಘರ್ಷಣೆ ಜಾಸ್ತಿ. ಎಂಜಿನ್ ಸವೆತವೂ ಜಾಸ್ತಿ.

ಪರೀಕ್ಷೆ ಸುಲಭ. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ರೇಡಿಯೇಟರ್‌ಗೆ ಹೋಗುವ ಮೇಲಿನ ಹೋಸ್ ಮುಟ್ಟಿ. ಫ್ಯಾನ್, ಬೆಲ್ಟ್‌ನಿಂದ ಕೈ ದೂರ ಇರಲಿ. ಎಷ್ಟೋ ಹೊತ್ತು ತಣ್ಣಗೇ ಇದ್ದು ಆಮೇಲೆ ಒಮ್ಮೆಲೇ ಬಿಸಿಯಾದರೆ ಸರಿ ಇದೆ. ಮೊದಲಿನಿಂದಲೇ ಮೆಲ್ಲಗೆ ಬೆಚ್ಚಗಾಗುತ್ತಾ ಬಂದರೆ ಥರ್ಮೋಸ್ಟಾಟ್ ಹೋಗಿದೆ.

ನಾಲ್ಕುಸಿಲಿಂಡರ್
ಇದಕ್ಕೆ ಒಂದು ಸೇರಿಸುತ್ತೇನೆ. ಎಷ್ಟೋ ಕಾರುಗಳಲ್ಲಿ ಆ ಮುಳ್ಳು ಇರುವುದನ್ನು ಇದ್ದ ಹಾಗೆ ತೋರಿಸುವುದಿಲ್ಲ. ಒಂದು ದೊಡ್ಡ ವ್ಯಾಪ್ತಿಯವರೆಗೆ ಮಧ್ಯದಲ್ಲೇ ನಿಲ್ಲುವ ಹಾಗೆ ಮಾಡಿರುತ್ತಾರೆ. ಅಂಥದ್ದು ಮಧ್ಯಕ್ಕಿಂತ ಕೆಳಗೆ ಬಂದಿದೆ ಅಂದರೆ ಎಂಜಿನ್ ಚೆನ್ನಾಗಿಯೇ ತಣ್ಣಗಿದೆ. ಒಂದು ಬ್ಲೂಟೂತ್ ಓಬಿಡಿ ರೀಡರ್ (ಇಸಿಯು ಮಾಹಿತಿ ಓದುವ ಸಣ್ಣ ಸಾಧನ) ತೆಗೆದುಕೊಳ್ಳಿ. ಕೂಲಂಟ್ ಎಷ್ಟು ಡಿಗ್ರಿ ಅಂತ ಫೋನಿನಲ್ಲೇ ಕಾಣುತ್ತದೆ. ಸೆನ್ಸರ್ರೇ ಕೆಟ್ಟು ತಪ್ಪು ಹೇಳುವುದೂ ಉಂಟು. ಅದಕ್ಕೆ ಹೋಸ್ ಮುಟ್ಟಿಯೂ ನೋಡಿ.

ಟರ್ಬೊಸೀಟಿ
ಟರ್ಬೊ ಹೋಸ್ ಮರೆಯಬೇಡಿ. ಇಂಟರ್‌ಕೂಲರ್ (ಟರ್ಬೊ ಗಾಳಿ ತಣ್ಣಗೆ ಮಾಡುವ ಭಾಗ) ಹೋಸ್‌ನಲ್ಲಿ ಸಣ್ಣ ಬಿರುಕು ಬಿಟ್ಟರೂ ಗಾಳಿ ಸೋರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಹುಸ್ಸ್ ಅಂತ ಕೇಳಿಸುತ್ತದೆ. ಜಾಯಿಂಟ್ ಹತ್ತಿರ ಹೊಸದಾಗಿ ಆಯಿಲ್ ಜಿಡ್ಡು ಹತ್ತಿರುತ್ತದೆ. ಗಾಳಿ ಕಡಿಮೆಯಾದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಕಪ್ಪು ಹೊಗೆ. ನನ್ನ ಗಾಡಿಯಲ್ಲಿ ಹೋಸ್‌ನ ತಳಭಾಗದಲ್ಲಿ ಬಿರುಕಿತ್ತು. ಮೇಲಿನಿಂದ ನೋಡಿದವರಿಗೆ ಮೂರು ಸಲ ಕಾಣಲಿಲ್ಲ. ಕೊನೆಗೆ ಬಿಚ್ಚಿ, ಬಗ್ಗಿಸಿ ನೋಡಿದಾಗ ಸಿಕ್ಕಿತು.

ಐದನೇಗೇರ್
ಇಜಿಆರ್ (ಒಂದಷ್ಟು ಹೊಗೆಯನ್ನು ಎಂಜಿನ್‌ಗೆ ವಾಪಸ್ ಬಿಡುವ ವಾಲ್ವ್) ಬಂದ್ ಮಾಡಿಸಿಬಿಡಿ. ಒಂದು ತಗಡು ಹಾಕಿದರೆ ಆಯಿತು. ಹೊಗೆಯನ್ನೇ ಎಂಜಿನ್‌ಗೆ ವಾಪಸ್ ಕುಡಿಸುವುದು ಎಲ್ಲಿಯ ನ್ಯಾಯ?

ಹೊಗೆಬೇಡ
ಇದಕ್ಕೆ ನನ್ನ ವಿರೋಧ ಇದೆ. ಇಜಿಆರ್ ಇಟ್ಟಿರುವುದಕ್ಕೆ ಕಾರಣ ಇದೆ. ಒಂದಷ್ಟು ಹೊಗೆ ವಾಪಸ್ ಬಿಟ್ಟರೆ ಸಿಲಿಂಡರ್ ಒಳಗಿನ ಉರಿಯ ಬಿಸಿ ಕಡಿಮೆಯಾಗುತ್ತದೆ. ಬಿಸಿ ಕಡಿಮೆಯಾದರೆ ನೈಟ್ರೋಜನ್ ಆಕ್ಸೈಡ್ ಕಡಿಮೆ. ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ನಮ್ಮ ಮನೆಯಲ್ಲಿ ಉಬ್ಬಸದ ಮಗು ಇದೆ. ರಸ್ತೆ ಪಕ್ಕ ನಿಂತರೆ ಅದಕ್ಕೆ ಏನಾಗುತ್ತದೆ ಅಂತ ದಿನಾ ನೋಡುತ್ತೇನೆ. ನಮ್ಮ ಅರ್ಧ ಕಿ.ಮೀ. ಮೈಲೇಜ್‌ಗಾಗಿ ಇನ್ನೊಬ್ಬರ ಉಸಿರು ಕೆಡಿಸುವುದು ಬೇಡ.

ಐದನೇಗೇರ್
ಮಗುವಿನ ವಿಷಯ ಕೇಳಿ ಬೇಜಾರಾಯಿತು. ಹಾಗೆ ಯೋಚಿಸಿರಲಿಲ್ಲ. ಆದರೆ ಕಾರ್ಬನ್ ಕಟ್ಟಿ ಜಾಮ್ ಆದ ಇಜಿಆರ್‌ನಿಂದ ಹೊಗೆ ಇನ್ನೂ ಜಾಸ್ತಿ ಅಲ್ವಾ?

ಎಣ್ಣೆಕೈ
ಅದು ಸರಿ. ತೆರೆದೇ ಜಾಮ್ ಆದರೆ ಬೇಡದ ಹೊತ್ತಿನಲ್ಲೂ ಹೊಗೆ ಒಳಗೆ ಹೋಗುತ್ತದೆ. ಪಿಕಪ್ ಸಾಯುತ್ತದೆ, ಕಪ್ಪು ಹೊಗೆ ಬರುತ್ತದೆ. ಆದರೆ ಪರಿಹಾರ ಬಿಚ್ಚಿ ತೊಳೆಯುವುದು, ತಗಡು ಹಾಕುವುದಲ್ಲ. ಜೊತೆಗೆ ಇಂಟೇಕ್ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಹೋಗುವ ಕೊಳವೆ) ಒಳಗೂ ನೋಡಿ. ಹಳೇ ಡೀಸೆಲ್‌ನಲ್ಲಿ ಕಾರ್ಬನ್ ಮತ್ತು ಆಯಿಲ್ ಸೇರಿ ಟಾರಿನ ಹಾಗೆ ಕಟ್ಟಿಕೊಂಡು ದಾರಿ ಅರ್ಧ ಆಗಿರುತ್ತದೆ.

ದೂರಪಯಣ
ಸ್ವಲ್ಪ ವಿಷಯ ಬಿಟ್ಟು ಹೋಗುತ್ತಿದ್ದೇನೆ, ಕ್ಷಮಿಸಿ. 1897ರಲ್ಲಿ ರುಡಾಲ್ಫ್ ಡೀಸೆಲ್ ಅವರ ಎಂಜಿನ್ ಪರೀಕ್ಷೆ ಮಾಡಿದಾಗ ಇಂಧನದ ಶಕ್ತಿಯಲ್ಲಿ ಸುಮಾರು 26% ಕೆಲಸವಾಗಿ ಬಂತು. ಆಗಿನ ಉಗಿ ಎಂಜಿನ್‌ಗಳಿಗೆ ಅದು ಕನಸು. ಡೀಸೆಲ್‌ನಲ್ಲಿ ಓಡುವ ಕಾರು, ಜರ್ಮನಿಯ ಮರ್ಸಿಡಿಸ್ 260 ಡಿ, ಬಂದಿದ್ದು 1936ರಲ್ಲಿ. ಕಾಮನ್ ರೈಲ್ ಇರುವ ಮೊದಲ ಕಾರು ಆಲ್ಫಾ ರೋಮಿಯೋ 156, ಅದು 1997. ಈಗಿನ ಕಾರಿನ ಡೀಸೆಲ್ ಎಂಜಿನ್ ಒಳ್ಳೆಯ ಸ್ಥಿತಿಯಲ್ಲಿ 40%ರ ಹತ್ತಿರ ಮುಟ್ಟುತ್ತದೆ. ಇಷ್ಟು ಕಷ್ಟಪಟ್ಟು ತಂದಿದ್ದನ್ನು ಒಂದು ಜಾಮ್ ಆದ ಬ್ರೇಕ್ ತಿಂದುಹಾಕುತ್ತದೆ ಅಂದರೆ ಸಂಕಟ ಆಗುತ್ತದೆ.

ಸ್ಟೆಪ್ನಿ
ಇತಿಹಾಸ ಚೆನ್ನಾಗಿತ್ತು. ಮತ್ತೆ ವಿಷಯಕ್ಕೆ ಬರೋಣ. ಮಣ್ಣದಾರಿ ಅವರೇ, ಹೈವೇಯಲ್ಲಿ ಎಷ್ಟು ಸ್ಪೀಡ್? ಮೇಲೆ ಕ್ಯಾರಿಯರ್ ಇದೆಯಾ?

ಮಣ್ಣದಾರಿ
100, ಕೆಲವು ಸಲ 105. ಕ್ಯಾರಿಯರ್ ಇದೆ, ವರ್ಷಕ್ಕೆ ಎರಡು ಸಲ ಬೇಕಾಗುತ್ತದೆ.

ಸ್ಟೆಪ್ನಿ
ಹಾಗಾದರೆ ಉಳಿದ ದಿನ ಬಿಚ್ಚಿಡಿ, ನಾಲ್ಕು ಬೋಲ್ಟ್ ಕೆಲಸ. ಗಾಳಿಯ ತಡೆ ಸ್ಪೀಡಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಲ್ಲಿ ಇದ್ದ ತಡೆ 100ಕ್ಕೆ ಹೋದರೆ ಒಂದೂವರೆ ಪಟ್ಟು ದಾಟುತ್ತದೆ. ಇನ್ನು ನಿಮ್ಮ ಸ್ಪೀಡೋಮೀಟರ್ ಕೂಡ ಟೈರ್ ಬದಲಾದ ಮೇಲೆ ಮೊದಲಿಗಿಂತ ಕಡಿಮೆ ತೋರಿಸುತ್ತಿದೆ. ಮೊದಲಿನ 100 ಬೇರೆ, ಈಗಿನ 100 ಬೇರೆ.

ಹೊಸಚಾಲಕಿ
ಸ್ಪೀಡ್ ಕಡಿಮೆ ಅಂದರೆ ನಾನು 40ಕ್ಕೇ ಐದನೇ ಗೇರ್ ಹಾಕುತ್ತೇನೆ. ಒಳ್ಳೆಯದಲ್ವಾ?

ಎಣ್ಣೆಕೈ
ಬೇಡಮ್ಮ. ಎಂಜಿನ್ ಗುಡುಗುಡು ಅಂತ ನಡುಗುವಷ್ಟು ಕೆಳಗೆ ಎಳೆಸಬೇಡಿ. ಟರ್ಬೊ ಇನ್ನೂ ಗಾಳಿ ತುಂಬುತ್ತಿರುವುದಿಲ್ಲ, ಮಸಿ ಜಾಸ್ತಿ ಆಗುತ್ತದೆ, ಕ್ಲಚ್ ಹತ್ತಿರದ ಫ್ಲೈವೀಲ್‌ಗೂ ಪೆಟ್ಟು. ಹೆಚ್ಚಿನ ಟರ್ಬೊ ಡೀಸೆಲ್‌ಗಳು 1,500ರಿಂದ 2,200 ಆರ್‌ಪಿಎಂ ಒಳಗೆ ಆರಾಮಾಗಿ ಎಳೆಯುತ್ತವೆ. ಅದರೊಳಗೆ ಇರಿ.

ಮಣ್ಣದಾರಿ
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲವನ್ನೂ ಒಂದೇ ಸಲ ಮಾಡಿಸದೆ ಒಂದೊಂದಾಗಿ ಮಾಡಿಸಿದೆ, ಯಾವುದರಿಂದ ಎಷ್ಟು ಅಂತ ಗೊತ್ತಾಗಲಿ ಅಂತ.

ಗಾಳಿ ನಾಲ್ಕರಲ್ಲೂ 5-6 ಪಿಎಸ್‌ಐ ಕಡಿಮೆ ಇತ್ತು. ಹಿಂದಿನ ಎಡ ಚಕ್ರ ಬಿಸಿಯಾಗುತ್ತಿತ್ತು. ಹ್ಯಾಂಡ್‌ಬ್ರೇಕ್ ಕೇಬಲ್ ಒಳಗೆ ತುಕ್ಕು ಹಿಡಿದು ಪೂರ್ತಿ ವಾಪಸ್ ಹೋಗುತ್ತಿರಲಿಲ್ಲ. ಗಾಳಿ, ಕೇಬಲ್, ಕ್ಯಾರಿಯರ್ ಮೂರೂ ಆದ ಮೇಲೆ 16.7 ಬಂತು.

ಆಮೇಲೆ ಓಬಿಡಿ ಹಾಕಿ ನೋಡಿದೆ. ಹೈವೇಯಲ್ಲಿ ಕೂಲಂಟ್ 66 ಡಿಗ್ರಿ! ಹೋಸ್ ಕೂಡ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಬೆಚ್ಚಗಾಗುತ್ತಿತ್ತು. ಥರ್ಮೋಸ್ಟಾಟ್ ಬದಲಾಯಿಸಿದೆ. ಈಗ 88ರಲ್ಲಿ ನಿಲ್ಲುತ್ತದೆ. ಎರಡು ಟ್ಯಾಂಕ್ ಸರಾಸರಿ 18.3.

ಇಂಜೆಕ್ಟರ್‌ಗಳ ರಿಟರ್ನ್ ಟೆಸ್ಟ್ (ಒಂದೊಂದರಿಂದ ವಾಪಸ್ ಬರುವ ಡೀಸೆಲ್ ಬಾಟಲಿಯಲ್ಲಿ ಹಿಡಿದು ಅಳೆಯುವುದು) ಕೂಡ ಮಾಡಿಸಿದೆ. ನಾಲ್ಕು ಬಾಟಲಿಯಲ್ಲೂ ಡೀಸೆಲ್ ಹೆಚ್ಚುಕಡಿಮೆ ಒಂದೇ ಮಟ್ಟ. ನಾಲ್ಕೂ ಚೆನ್ನಾಗಿವೆ ಅಂದರು. ಅವತ್ತು ಬದಲಾಯಿಸಿದ್ದರೆ ಅಷ್ಟೂ ದುಡ್ಡು ಹೋಗಿ ಮೈಲೇಜ್ 15ರಲ್ಲೇ ಇರುತ್ತಿತ್ತು. ಎಣ್ಣೆಕೈ ಅವರಿಗೆ, ಸ್ಟೆಪ್ನಿ ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಎಣ್ಣೆಕೈ
ಓದಿ ತುಂಬಾ ಖುಷಿಯಾಯಿತು ಸರ್. ಆಯಿಲ್ ಯಾವುದು ಹಾಕುತ್ತಿದ್ದಾರೆ ಅಂತಲೂ ಒಮ್ಮೆ ಕೇಳಿ. ಮ್ಯಾನುಯಲ್‌ನಲ್ಲಿ 5ಡಬ್ಲ್ಯು-30 (ತೆಳು ಆಯಿಲ್‌ನ ಗ್ರೇಡ್) ಅಂತ ಇದ್ದು, ಹಳೇ ಗಾಡಿ ಅಂತ ಗಟ್ಟಿ ಆಯಿಲ್ ಹಾಕುವವರು ತುಂಬಾ ಜನ ಇದ್ದಾರೆ. ಎಂಜಿನ್ ಆಯಿಲ್ ಕುಡಿಯುತ್ತಿಲ್ಲ ಅಂದರೆ ಮ್ಯಾನುಯಲ್ ಹೇಳಿದ್ದೇ ಸಾಕು.

ಐದನೇಗೇರ್
ನಾನೇ ಮೊದಲು ಇಂಜೆಕ್ಟರ್ ಅಂದಿದ್ದು. ತಪ್ಪಾಯಿತು. ನಾಳೆ ಬೆಳಗ್ಗೆ ನನ್ನ ಗಾಡಿಯ ಹೋಸ್ ಮುಟ್ಟಿ ನೋಡುತ್ತೇನೆ.

ಹೊಸಚಾಲಕಿ
ನಾನು ಇವತ್ತೇ ಚಕ್ರ ನೋಡಿದೆ. ಮುಂದಿನ ಬಲಗಡೆಯದು ಬಿಸಿ ಇದೆ, ಉಳಿದ ಮೂರು ತಣ್ಣಗಿವೆ. ಮುಂದೆ ಹ್ಯಾಂಡ್‌ಬ್ರೇಕ್ ಕೇಬಲ್ ಇರುವುದಿಲ್ಲ ಅಲ್ವಾ? ಹಾಗಾದರೆ ಏನಿರಬಹುದು?

ಎಣ್ಣೆಕೈ
ಮುಂದೆ ಅಂದರೆ ಮೊದಲು ಕ್ಯಾಲಿಪರ್ ಪಿನ್ ನೋಡಿಸಿ. ಬಿಚ್ಚಿ, ತುಕ್ಕು ಉಜ್ಜಿ, ಬ್ರೇಕ್‌ಗೆ ಅಂತಲೇ ಇರುವ ಗ್ರೀಸ್ ಹಚ್ಚಿದರೆ ಬಹಳ ಸಲ ಸರಿಹೋಗುತ್ತದೆ. ಸಾಮಾನ್ಯ ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ. ಪಿನ್ ಸಲೀಸಾಗಿ ಆಡುತ್ತಿದ್ದರೂ ಬಿಸಿ ಆದರೆ ಪಿಸ್ಟನ್ ಹಿಡಿದಿದೆ ಅಂತ. ಮೈಲೇಜ್ ಮಾತು ಆಮೇಲೆ. ಹಿಡಿದ ಬ್ರೇಕ್‌ನಲ್ಲಿ ದೂರ ಹೋಗಬೇಡಿ, ಈ ವಾರವೇ ತೋರಿಸಿ.

ಹೊಸಚಾಲಕಿ
ಶನಿವಾರ ತೋರಿಸುತ್ತೇನೆ. ಪಿನ್ನೋ ಪಿಸ್ಟನ್ನೋ ಅಂತ ಇಲ್ಲೇ ಬಂದು ಹೇಳುತ್ತೇನೆ.